ವಧೆಯಿಲ್ಲದ ಕಥೆ: ಕಿರುತೆರೆ ಧಾರಾವಾಹಿಯಲ್ಲಿ ಒಳಿತು–ಕೆಡುಕಿನ ಪೌರಾಣಿಕ ಸಂಕೇತ, ಉಡುಪಿ ಪರಿಸರದ ನೆಲೆಯಿಂದ

ಪೀಠಿಕೆ

ಕನ್ನಡ ಕಿರುತೆರೆಯ ಧಾರಾವಾಹಿಗಳು ಪೌರಾಣಿಕವಾಗಿರಲಿ, ಸಾಮಾಜಿಕವಾಗಿರಲಿ, ಒಳಿತು–ಕೆಡುಕುಗಳನ್ನು ಗುರುತಿಸಲು ಪುರಾಣದ ಚಿಹ್ನೆಗಳನ್ನೇ ನೆಚ್ಚಿಕೊಂಡಿವೆ. ಒಳ್ಳೆಯ ಸೊಸೆಗೆ ತುಳಸಿಕಟ್ಟೆ, ಕುಂಕುಮ, ದೇವರ ದೀಪ. ಕೆಟ್ಟ ನಾದಿನಿಗೆ ಕಾಡಿಗೆ, ಹುಬ್ಬಿನ ಕೊಂಕು, ದೀಪ ಆರುವ ಹೊತ್ತಿಗೆ ಸರಿಯಾಗಿ ಮೊಳಗುವ ಹಿನ್ನೆಲೆ ಸಂಗೀತ. ವಿಮರ್ಶೆ ಇದನ್ನು ಸಾಮಾನ್ಯವಾಗಿ ಪುರಾಣದ ಪ್ರಭಾವ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತದೆ. ಪುರಾಣ ನಮಗೆ ಗ್ರಂಥವಾಗಿ ಮಾತ್ರ ಬಂದಿಲ್ಲ. ಆಟವಾಗಿ, ಕೂಟವಾಗಿ, ಕೋಲವಾಗಿ, ಪೂಜೆಯಾಗಿಯೂ ಬಂದಿದೆ. ಆದ್ದರಿಂದ ಧಾರಾವಾಹಿ ಪುರಾಣದ ಯಾವ ಪ್ರದರ್ಶನ ರೂಪದಿಂದ ಏನನ್ನು ತೆಗೆದುಕೊಂಡಿತು, ಏನನ್ನು ಬಿಟ್ಟಿತು ಎಂದು ಕೇಳಬೇಕಾಗುತ್ತದೆ.

ಈ ಪ್ರಶ್ನೆಯನ್ನು ಪರೀಕ್ಷಿಸಲು ಆದಿ ಉಡುಪಿಯ ಸುತ್ತಲಿನ ಪ್ರದೇಶವನ್ನು ಆರಿಸಿಕೊಂಡಿದ್ದೇನೆ. ಇಲ್ಲಿಂದ ಪೂರ್ವಕ್ಕೆ ಮಠಗಳ ರಥಬೀದಿ, ಅದರಾಚೆ ಮಣಿಪಾಲ, ಪಶ್ಚಿಮಕ್ಕೆ ಮಲ್ಪೆ, ದಕ್ಷಿಣಕ್ಕೆ ಕಾಪು, ಆಗ್ನೇಯಕ್ಕೆ ಕಾರ್ಕಳ. ಕೆಡುಕು ಎಂದರೇನು ಎಂಬುದಕ್ಕೆ ಒಂದಕ್ಕೊಂದು ಒಪ್ಪದ ಉತ್ತರಗಳು ಇಷ್ಟು ಚಿಕ್ಕ ವಲಯದಲ್ಲಿ ಇಂದಿಗೂ ಬಳಕೆಯಲ್ಲಿವೆ. ನನ್ನ ವಾದ ಇಷ್ಟು: ಧಾರಾವಾಹಿ ಪುರಾಣದ ಚಿಹ್ನೆಗಳನ್ನು ಉಳಿಸಿಕೊಂಡಿದೆ, ಆ ಚಿಹ್ನೆಗಳನ್ನು ಹಿಡಿತದಲ್ಲಿಟ್ಟಿದ್ದ ಕಟ್ಟುಪಾಡುಗಳನ್ನು ಕೈಬಿಟ್ಟಿದೆ. ಉಗ್ರಕ್ಕೂ ದುಷ್ಟಕ್ಕೂ ಇದ್ದ ಭೇದ, ಖಳನಿಗಿದ್ದ ವಾದದ ಹಕ್ಕು, ಕಥೆಗಿದ್ದ ಕೊನೆ – ಈ ಮೂರು ಇಲ್ಲದಾಗ ಅವೇ ಚಿಹ್ನೆಗಳು ಬೇರೆಯೇ ನೀತಿಯನ್ನು ಹೇಳತೊಡಗುತ್ತವೆ.

1. ಒಂದು ವಲಯ, ಮೂರು ಉತ್ತರ

ಮೊದಲನೆಯ ಉತ್ತರ ಉಡುಪಿಯ ತತ್ತ್ವವಾದದ್ದು. ಮಧ್ವಾಚಾರ್ಯರ (1238–1317) ಸಿದ್ಧಾಂತದಲ್ಲಿ ಜೀವರ ಸ್ವಭಾವ ಅನಾದಿ. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ಮೂರು ವರ್ಗಗಳಿವೆ. ಒಂದು ವರ್ಗದ ಜೀವ ಇನ್ನೊಂದಕ್ಕೆ ದಾಟುವುದಿಲ್ಲ. ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ ದುರ್ಯೋಧನ ಸಾಕ್ಷಾತ್ ಕಲಿ, ಭೀಮ ವಾಯುವಿನ ಅವತಾರ. ವೈಕುಂಠದ ದ್ವಾರಪಾಲಕರಾದ ಜಯ–ವಿಜಯರು ಶಾಪದಿಂದ ಹಿರಣ್ಯಾಕ್ಷ, ಹಿರಣ್ಯಕಶಿಪುಗಳಾದರು ಎಂಬ ಭಾಗವತದ ಕಥೆ ಈ ಸಿದ್ಧಾಂತಕ್ಕೆ ತೊಡಕಾಗಬಹುದಿತ್ತು: ಹರಿದ್ವೇಷದಿಂದಲೂ ಸದ್ಗತಿ ಉಂಟೆ? ಮಾಧ್ವರ ಪರಿಹಾರ ಸೂಕ್ಷ್ಮವಾದದ್ದು. ಒಂದೇ ದೇಹದಲ್ಲಿ ಎರಡು ಜೀವಗಳು, ಭಕ್ತನಾದ ದ್ವಾರಪಾಲಕ ಮತ್ತು ಸಹಜ ಅಸುರ. ವಧೆಯಾದಾಗ ಒಬ್ಬ ವೈಕುಂಠಕ್ಕೆ, ಇನ್ನೊಬ್ಬ ತಮಸ್ಸಿಗೆ. ಕೆಡುಕು ಬಂದುಹೋಗುವ ಗುಣವಲ್ಲ, ಸ್ವರೂಪ. ಆದರೆ ಕಣ್ಣಿಗೆ ಕಾಣುವ ದೇಹ ನೋಡಿ ಸ್ವರೂಪವನ್ನು ನಿರ್ಣಯಿಸಲಾಗದು.

ಎರಡನೆಯದು ಕಾರ್ಕಳದ ಜೈನ ಪರಂಪರೆಯದು. 1432ರಲ್ಲಿ ಬಾಹುಬಲಿಯ ಏಕಶಿಲಾ ಮೂರ್ತಿ, 1586ರಲ್ಲಿ ಚತುರ್ಮುಖ ಬಸದಿ ಎದ್ದ ಊರಿದು. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ ಸೇರಿದಂತೆ ಜೈನ ರಾಮಾಯಣಗಳಲ್ಲಿ ರಾವಣ ಹತ್ತು ತಲೆಯ ರಕ್ಕಸನಲ್ಲ, ವಿದ್ಯಾಧರ ಅರಸ, ಜಿನಭಕ್ತ. ಅವನನ್ನು ಕೆಡವಿದ್ದು ಪರಸ್ತ್ರೀಯ ಮೇಲಿನ ಮೋಹ. ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ಇಲ್ಲಿ ಕೆಡುಕು ಕರ್ಮದ ಫಲ, ಉದಾತ್ತನ ಪತನ.

ಮೂರನೆಯದು ದೈವ ಮತ್ತು ಮಾರಿಯರದು. ಕಾಪುವಿನ ಮಾರಿಗುಡಿಗಳಲ್ಲಿ ಸುಗ್ಗಿ, ಆಟಿ, ಜಾರ್ದೆ ಎಂದು ವರ್ಷಕ್ಕೆ ಮೂರು ಮಾರಿಪೂಜೆಗಳು ನಡೆಯುತ್ತವೆ. ರೋಗ ತರುವವಳೂ ರೋಗ ಕಳೆಯುವವಳೂ ಒಬ್ಬಳೇ. ಅವಳನ್ನು ಒಳಿತಿನ ಅಥವಾ ಕೆಡುಕಿನ ಪಟ್ಟಿಗೆ ಸೇರಿಸಲಾಗದು. ಸಲ್ಲಬೇಕಾದದ್ದನ್ನು ಸಲ್ಲಿಸಿದರೆ ಕಾಯುತ್ತಾಳೆ. ಕಲ್ಕುಡ–ಕಲ್ಲುರ್ಟಿ ದೈವಗಳ ಪಾಡ್ದನ (ತುಳು ಕಥನಗೀತೆ) ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡ ಇಂಥದ್ದೇ ಇನ್ನೊಂದನ್ನು ಮಾಡದಿರಲೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸುತ್ತಾನೆ. ಉಳಿದ ಕೈಯಲ್ಲೇ ಅವನು ವೇಣೂರಿನಲ್ಲಿ ಮತ್ತೊಂದು ಗೊಮ್ಮಟನನ್ನು ಕಡೆಯುತ್ತಾನೆ. ಕೊನೆಗೆ ತಂಗಿ ಕಲ್ಲುರ್ಟಿಯೊಡನೆ ಮಾಯವಾಗಿ, ದೈವವಾಗಿ ಅರಸನ ಮೇಲೆ ಮುಗಿಬೀಳುತ್ತಾನೆ. ವೇಣೂರಿನ ಮೂರ್ತಿ 1604ರದ್ದು; ಎರಡು ಮೂರ್ತಿಗಳ ನಡುವೆ 172 ವರ್ಷಗಳಿವೆ. ಪಾಡ್ದನಕ್ಕೆ ಈ ಲೆಕ್ಕ ಬೇಕಿಲ್ಲ. ಅದಕ್ಕೆ ಬೇಕಾದದ್ದು ಅನ್ಯಾಯಕ್ಕೆ ಒಳಗಾದವನ ಸಿಟ್ಟಿಗೆ ಗುಡಿ, ಕೋಲ, ನುಡಿ ಸಿಗಬೇಕೆಂಬ ನ್ಯಾಯ. ಬೆಂಕಿ ಹಚ್ಚುವ, ಕಾಡುವ ಶಕ್ತಿ ಇಲ್ಲಿ ಖಳನದ್ದಲ್ಲ, ನ್ಯಾಯ ಕೇಳುವವನದು.

2. ಬಣ್ಣದ ವೇಷ: ಉಗ್ರವೆಲ್ಲ ದುಷ್ಟವಲ್ಲ

ಈ ಮೂರೂ ನೋಟಗಳು ಒಂದೇ ರಂಗಸ್ಥಳದಲ್ಲಿ ಮುಖಾಮುಖಿಯಾಗುವುದು ಯಕ್ಷಗಾನದಲ್ಲಿ. ಅದರ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷಧಾರಿ ಅಕ್ಕಿಹಿಟ್ಟು–ಸುಣ್ಣದ ಕಲಸುವಿಕೆಯನ್ನು ಕಡ್ಡಿಯಲ್ಲಿ ಅದ್ದಿ, ಚುಕ್ಕೆಯ ಮೇಲೆ ಚುಕ್ಕೆ ಇಟ್ಟು, ಮುಖದಲ್ಲಿ ಮುಳ್ಳಿನಂತೆ ಚುಟ್ಟಿ ಎಬ್ಬಿಸಲು ಗಂಟೆಗಟ್ಟಲೆ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಕೂರುತ್ತಾನೆ. ಇಷ್ಟು ಶ್ರಮ ಬೇಡುವ ಮುಖ ನಾಯಕನದ್ದಲ್ಲ. ಕುಂಭಕರ್ಣನದು, ಮಹಿಷಾಸುರನದು, ಹೆಣ್ಣುಬಣ್ಣವಾದರೆ ಶೂರ್ಪನಖಿಯದು. ಗಮನಿಸಬೇಕಾದ ಸಂಗತಿ, ದಕ್ಷಯಜ್ಞವನ್ನು ಕೆಡಿಸಲು ಶಿವನ ಜಟೆಯಿಂದ ಹುಟ್ಟಿಬರುವ ವೀರಭದ್ರನೂ ಬಣ್ಣದ ವೇಷವೇ. ಅಂದರೆ ಈ ಮುಖವರ್ಣಿಕೆ ಉಗ್ರತೆಯನ್ನು ಸೂಚಿಸುತ್ತದೆ, ಪಾಪವನ್ನಲ್ಲ. ಉಗ್ರತೆ ದೇವರ ಕಡೆಗಿದೆಯೋ ಅಸುರರ ಕಡೆಗಿದೆಯೋ ಎಂಬುದನ್ನು ಕಥೆ ಹೇಳಬೇಕು.

ಕಟೀಲು ಮೇಳಗಳವರು ಹರಕೆಯಾಟವಾಗಿ ಆಡುವ ‘ದೇವಿ ಮಹಾತ್ಮೆ’ಯಲ್ಲಿ ಮಹಿಷಾಸುರನ ಪ್ರವೇಶ ಚೌಕಿಯಿಂದ ನೇರ ರಂಗಸ್ಥಳಕ್ಕಲ್ಲ. ಅವನು ಪ್ರೇಕ್ಷಕರ ಹಿಂದಿನಿಂದ, ದೊಂದಿಗಳ ನಡುವೆ, ರಾಳದ ಬೆಂಕಿ ಭಗ್ಗನೆ ಏಳುತ್ತಿರಲು, ಚೆಂಡೆಯ ಅಬ್ಬರದಲ್ಲಿ ಆರ್ಭಟಿಸುತ್ತ ಬರುತ್ತಾನೆ. ನಿದ್ದೆಗೆ ಜಾರಿದ್ದ ಮಕ್ಕಳನ್ನು ಹಿರಿಯರು ತಟ್ಟಿ ಎಬ್ಬಿಸುವುದು ಈ ಹೊತ್ತಿಗೆ. ಹರಕೆ ದೇವಿಯದು, ಜನ ಎದ್ದು ನಿಂತು ನೋಡುವುದು ಮಹಿಷನನ್ನು. ಇದರಲ್ಲಿ ವಿರೋಧವೇನಿಲ್ಲ. ದೇವಿಯ ಮಹಿಮೆಯ ಅಳತೆಗೋಲು ಅವಳೆದುರು ನಿಂತವನ ಗಾತ್ರ. ಕೆಡುಕನ್ನು ಕಿರಿದುಮಾಡಿದರೆ ಒಳಿತೂ ಕಿರಿದಾಗುತ್ತದೆ.

3. ವಾದದ ಹಕ್ಕು

ಗಾತ್ರ ವೇಷದಲ್ಲಷ್ಟೇ ಅಲ್ಲ, ಮಾತಿನಲ್ಲೂ ಇದೆ. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತು, ಭಾಗವತರ ಪದ್ಯದ ಬೆನ್ನಿಗೆ ಆಶುವಾಗಿ ಮಾತು ಬೆಳೆಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಹೆಸರಾದದ್ದು ವಾಲಿ, ರಾವಣ, ಮಾಗಧರಂಥ ಪಾತ್ರಗಳಿಂದ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಎಂದು ವಾಲಿ ಕೇಳಿದಾಗ ರಾಮನ ಅರ್ಥಧಾರಿ ಉತ್ತರ ಕೊಡಲೇಬೇಕು. ತಾನು ದೇವರು ಎಂಬುದು ಅಲ್ಲಿ ಉತ್ತರವಾಗದು. ಒಳಿತು ತನ್ನನ್ನು ಸಮರ್ಥಿಸಿಕೊಳ್ಳಬೇಕಾದ ಜಾಗ ಅದು.

ರಾವಣನನ್ನು ತಿಳಿದೂ ದ್ವೇಷಿಸಿದ ವೈರಭಕ್ತನೆಂದು ಚಿತ್ರಿಸುವ ಅರ್ಥಗಾರಿಕೆ ಕರಾವಳಿಯಲ್ಲಿ ಬಹಳ ಜನಪ್ರಿಯ. ಮಾಧ್ವ ಸಿದ್ಧಾಂತದ ಕಟ್ಟುನಿಟ್ಟಿನಲ್ಲಿ ದ್ವೇಷ ಭಕ್ತಿಯಾಗಲಾರದು. ಆದರೂ ಇದನ್ನು ಮೆಚ್ಚುವವರೂ ಆಕ್ಷೇಪಿಸುವವರೂ ಒಂದೇ ಕೂಟದಲ್ಲಿ ಕುಳಿತಿರುತ್ತಾರೆ. ಚರ್ಚೆ ಕೂಟ ಮುಗಿದ ಮೇಲೂ ನಡೆಯುತ್ತದೆ. ಇನ್ನು ಪ್ರಸಂಗಗಳ ಹೆಸರು ನೋಡಿದರೆ ಕಂಸವಧೆ, ಕೀಚಕವಧೆ, ಜರಾಸಂಧವಧೆ. ಹೆಸರಿನ ಮೊದಲರ್ಧ ಖಳನಿಗೆ ಮೀಸಲು, ಉತ್ತರಾರ್ಧ ಅವನ ಕೊನೆಗೆ. ವೈಭವ, ಮಾತು, ಸಾವು – ಬಯಲಾಟ ಕೆಡುಕಿನೊಡನೆ ಮಾಡಿಕೊಂಡ ಒಪ್ಪಂದವೇ ಇದು.

4. ಕಿರುತೆರೆಯಲ್ಲಿ ಆದದ್ದು

ದೂರದರ್ಶನದ ಮೊದಲ ಪೌರಾಣಿಕ ಧಾರಾವಾಹಿಗಳು ಈ ಒಪ್ಪಂದವನ್ನು ಬಹುಮಟ್ಟಿಗೆ ಉಳಿಸಿಕೊಂಡಿದ್ದವು. ರಮಾನಂದ ಸಾಗರರ ‘ರಾಮಾಯಣ’ 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ 78 ಕಂತುಗಳಲ್ಲಿ, ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ 1988ರ ಅಕ್ಟೋಬರ್ 2ರಿಂದ 1990ರ ಜೂನ್ 24ರವರೆಗೆ 94 ಕಂತುಗಳಲ್ಲಿ ಪ್ರಸಾರವಾದವು. ಅರವಿಂದ ತ್ರಿವೇದಿಯವರ ರಾವಣನಿಗೆ ಗಾತ್ರವಿತ್ತು, ಶಿವಭಕ್ತಿಯಿತ್ತು. ಮುಖ್ಯವಾಗಿ, ವಾರಕ್ಕೊಮ್ಮೆ ಬರುವ ಕಥೆಗೆ ಎಲ್ಲರಿಗೂ ಗೊತ್ತಿದ್ದ ಕೊನೆಯಿತ್ತು.

1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ ಬಂದು ದೈನಿಕ ಧಾರಾವಾಹಿ ನೆಲೆಯೂರಿದ ಮೇಲೆ ಲೆಕ್ಕ ಬದಲಾಯಿತು. ದೈನಿಕ ಧಾರಾವಾಹಿಯ ಕೊನೆಯನ್ನು ಕಥೆ ನಿರ್ಧರಿಸುವುದಿಲ್ಲ, ಟಿಆರ್‌ಪಿ ನಿರ್ಧರಿಸುತ್ತದೆ. ಖಳ ಸತ್ತರೆ ಕಥೆ ನಿಲ್ಲುತ್ತದೆ, ಆದ್ದರಿಂದ ಸಾಯುವಂತಿಲ್ಲ. ಅವಳು – ಹೆಚ್ಚಾಗಿ ಅವಳೇ – ಸಿಕ್ಕಿಬೀಳುತ್ತಾಳೆ, ಕ್ಷಮೆ ಕೇಳುತ್ತಾಳೆ, ತಿರುಗಿ ಸಂಚು ಹೂಡುತ್ತಾಳೆ. ವಾದಕ್ಕೂ ಎಡೆಯಿಲ್ಲ. ಸಂಚು ಬಾಗಿಲ ಮರೆಯ ಸ್ವಗತವಾಗಿ ಬರುತ್ತದೆ, ಎದುರಾಳಿಯ ಕಿವಿಗೆ ಬೀಳುವುದಿಲ್ಲ. ಹಾಗಾಗಿ ಸೊಸೆ ಯಾವ ಪ್ರಶ್ನೆಗೂ ಉತ್ತರಿಸಬೇಕಾಗಿಲ್ಲ. ಅವಳ ಒಳ್ಳೆಯತನಕ್ಕೆ ಆಧಾರ ಅವಳ ತರ್ಕವಲ್ಲ, ಕೈಯಲ್ಲಿನ ಆರತಿತಟ್ಟೆ.

ಉಗ್ರ–ದುಷ್ಟ ಭೇದ ಕರಗಿದ್ದಕ್ಕೆ ಜೀ ಕನ್ನಡದಲ್ಲಿ 2016ರಲ್ಲಿ ಆರಂಭವಾದ ‘ನಾಗಿಣಿ’ ಒಳ್ಳೆಯ ನಿದರ್ಶನ. ಉಡುಪಿ ಸೀಮೆಯಲ್ಲಿ ನಾಗ ನೆಲದ ಒಡೆಯ. ಬನದಲ್ಲಿರುವವನು, ತನು–ತಂಬಿಲ, ಆಶ್ಲೇಷಾ ಬಲಿಗಳಿಂದ ತೃಪ್ತನಾಗುವವನು. ಅವನ ಕೋಪ ಕುಟುಂಬಕ್ಕೂ ಭೂಮಿಗೂ ಸಂಬಂಧಿಸಿದ್ದು, ಪರಿಹಾರ ಆಚರಣೆಯಲ್ಲಿದೆ. ಧಾರಾವಾಹಿಯ ನಾಗಕನ್ನಿಕೆ ಸೇಡಿಗಾಗಿ ಮಾನವರೂಪದಲ್ಲಿ ಮನೆ ಹೊಕ್ಕವಳು. ಹೆಡೆ ಉಳಿದಿದೆ, ಬನ ಇಲ್ಲ. ಭೂಮಿಯೊಡನೆ ಇದ್ದ ಸಂಬಂಧ ಹೋಗಿ ವ್ಯಕ್ತಿಗತ ಹಗೆ ಮಾತ್ರ ಉಳಿದಿದೆ.

ಕಲರ್ಸ್ ಕನ್ನಡದಲ್ಲಿ 2017ರಲ್ಲಿ ಆರಂಭವಾದ ‘ಶನಿ’ ಇದಕ್ಕಿಂತ ಜಟಿಲ. ಪೀಡಕನೆಂದು ಜನ ಹೆದರುವ ಗ್ರಹವನ್ನು ಅದು ಕರ್ಮಫಲದ ನ್ಯಾಯಾಧೀಶನಾಗಿ ನಿಲ್ಲಿಸಿತು. ಈ ಅಂಶದಲ್ಲಿ ಕಲ್ಕುಡನ ಪಾಡ್ದನಕ್ಕೆ ಹತ್ತಿರ ಬಂದಿತು. ಆದರೆ ಕರಾವಳಿಯ ಶನಿಪೂಜೆಯ ಕಥೆಯೊಡನೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಒಬ್ಬರು ಕಾವ್ಯ ಓದಿ, ಇನ್ನೊಬ್ಬರು ಅರ್ಥ ಹೇಳುವ ಆ ಕೂಟದಲ್ಲಿ ವಿಕ್ರಮರಾಜ ರಾಜ್ಯ ಕಳೆದುಕೊಂಡು, ಕಳ್ಳತನದ ಅಪವಾದ ಹೊತ್ತು, ಕೈಕಾಲು ಕಡಿಸಿಕೊಂಡು ಗಾಣದ ಮನೆ ಸೇರುತ್ತಾನೆ. ಮತ್ತೆ ಎಲ್ಲವನ್ನೂ ಪಡೆಯುತ್ತಾನೆ. ಏಳೂವರೆ ವರ್ಷದ ಕಾಟ ಒಂದೇ ಕೂರಿಕೆಯಲ್ಲಿ ಮುಗಿದು ಪ್ರಸಾದ ಹಂಚಿಕೆಯಾಗುತ್ತದೆ. ಧಾರಾವಾಹಿಯಾದರೋ ಸೂರ್ಯ, ಸಂಜ್ಞೆ, ಛಾಯೆಯರ ಮನೆಕಥೆಯನ್ನು ಹಿಗ್ಗಿಸಿ, ದೇವಲೋಕದಲ್ಲೂ ಅವಿಭಕ್ತ ಕುಟುಂಬದ ಮಲತಾಯಿ ಮತ್ಸರವನ್ನೇ ಕಂಡಿತು.

ಉಪಸಂಹಾರ

ಮನೆಮುರುಕರು ಮತ್ತೆಮತ್ತೆ ಮನಸ್ಸು ಬದಲಿಸುವುದನ್ನು ಕಂಡು, ಧಾರಾವಾಹಿ ಕೆಡುಕನ್ನು ಸ್ವರೂಪವೆಂದು ನೋಡದೆ ತಿದ್ದಬಹುದಾದ ಗುಣವೆಂದು ನೋಡುತ್ತದೆ ಎಂದು ಯಾರಾದರೂ ವಾದಿಸಬಹುದು. ಮೇಲುನೋಟಕ್ಕೆ ಅದು ಉದಾರ ನೀತಿ. ಆದರೆ ಆ ಬದಲಾವಣೆ ಕಂತಿನ ಅಗತ್ಯಕ್ಕೆ ಬಂದು ಕಂತಿನ ಅಗತ್ಯಕ್ಕೇ ಹೋಗುತ್ತದೆ. ಉಡುಪಿಯ ಪರಿಭಾಷೆಯಲ್ಲೇ ಹೇಳುವುದಾದರೆ, ದೈನಿಕ ಧಾರಾವಾಹಿ ಮುಕ್ತಿಯೋಗ್ಯರನ್ನೂ ತಮೋಯೋಗ್ಯರನ್ನೂ ಅಳಿಸಿ ಎಲ್ಲರನ್ನೂ ನಿತ್ಯಸಂಸಾರಿಗಳನ್ನಾಗಿ ಮಾಡಿದೆ: ಸುಖದುಃಖಗಳ ನಡುವೆ ಕೊನೆಯಿಲ್ಲದೆ ಸುತ್ತುವವರು.

ಇದರಿಂದ ರಂಗಸ್ಥಳ ಶುದ್ಧ, ಕಿರುತೆರೆ ಕಲುಷಿತ ಎಂಬ ತೀರ್ಮಾನಕ್ಕೆ ಬರಬೇಕಿಲ್ಲ. ಇತ್ತೀಚಿನ ವರ್ಷಗಳಲ್ಲಿ ಹಲವು ಮೇಳಗಳು ಕಾಲಮಿತಿಗೆ ಹೊರಳಿವೆ. ರಾತ್ರಿಯಿಡೀ ನಡೆಯುತ್ತಿದ್ದ ಕಥೆ ಕೆಲವೇ ಗಂಟೆಗಳಿಗೆ ಇಳಿದಾಗ ವೇಷ, ಕುಣಿತ, ವಧೆ ಉಳಿದು ಅರ್ಥಗಾರಿಕೆ ಸೊರಗುವುದು ಸಹಜ. ಹಾಗಾದರೆ ಬಯಲಾಟವೂ ತನ್ನ ಖಳನ ಮಾತನ್ನು ಕಳೆದುಕೊಳ್ಳಬಹುದು. ಎರಡೂ ಮಾಧ್ಯಮಗಳನ್ನು ಒಂದೇ ಅಳತೆಗೋಲಿನಿಂದ ಅಳೆಯುವ ಅಧ್ಯಯನ ಬೇಕು. ಅದು ಕುಂಕುಮ, ಹೆಡೆ, ಕಿರೀಟಗಳ ಪಟ್ಟಿ ಮಾಡುವುದಕ್ಕೆ ನಿಲ್ಲದೆ, ಕೆಡುಕಿಗೆ ಎಷ್ಟು ಹೊತ್ತು ಮಾತಾಡಲು ಬಿಟ್ಟರು, ಒಳಿತು ಅದಕ್ಕೆ ಏನೆಂದು ಉತ್ತರಿಸಿತು, ಕಥೆಯನ್ನು ಮುಗಿಸುವ ಅಧಿಕಾರ ಯಾರ ಕೈಯಲ್ಲಿತ್ತು ಎಂದು ಕೇಳಬೇಕು.