ಹುಡೇವು, ಹಗೇವು: ಮಲಪ್ರಭಾ ಸೀಮೆಯ ಆಪತ್ಕಾಲದ ನೆಲೆಗಳು

ಬೆಳಗಾವಿ ಜಿಲ್ಲೆಯ ಸುರೇಬಾನ, ರಾಮದುರ್ಗ, ಸವದತ್ತಿ ಸೀಮೆಯಲ್ಲೂ ಅದಕ್ಕೆ ಹೊಂದಿಕೊಂಡ ನರಗುಂದ, ಬಾದಾಮಿ ಭಾಗಗಳಲ್ಲೂ ಊರಿನ ನಿತ್ಯದ ಕೆಲಸಕ್ಕೆ ಕಟ್ಟಿದ ಕಾವಲು ಗೋಪುರ, ಕಾಳಿನ ನೆಲಮಾಳಿಗೆಗಳು ಕಷ್ಟಕಾಲದಲ್ಲಿ ಜೀವ ಉಳಿಸುವ ನೆಲೆಗಳಾಗಿ ಬಳಕೆಯಾದವು. ಇವುಗಳಲ್ಲಿ ಮುಖ್ಯವಾದವು ಎರಡು: ನೆಲದ ಮೇಲೆ ಎದ್ದು ನಿಂತ ಹುಡೇವು, ನೆಲದೊಳಗೆ ಅಡಗಿದ ಹಗೇವು. ಎರಡೂ ಮೂಲ ಕೆಲಸ ಕಳೆದುಕೊಂಡು ಪಾಳುಬಿದ್ದಿವೆ. ಹಾಗೆ ಪಾಳುಬಿದ್ದ ಮೇಲೂ ಅವುಗಳ ಚರಿತ್ರೆ ಮುಗಿಯಲಿಲ್ಲ.

ಹುಡೇವು ಕಲ್ಲು, ಮಣ್ಣುಗಳಿಂದ ಕಟ್ಟಿದ ದಪ್ಪ ಗೋಡೆಯ ಬತೇರಿ. ಬುಡ ಅಗಲ, ಮೇಲೆ ಹೋದಂತೆ ಕಿರಿದು. ತುದಿಯಲ್ಲಿ ಬಂದೂಕಿನ ಕಿಂಡಿಗಳು. ಊರಿನ ಎತ್ತರದ ಜಾಗದಲ್ಲೋ ದೇಸಾಯಿಯ ವಾಡೆಯ ಮೂಲೆಯಲ್ಲೋ ಅದನ್ನು ಕಟ್ಟುತ್ತಿದ್ದರು. ಎರೆಹೊಲದ ಬಯಲುಸೀಮೆಯಲ್ಲಿ ಗಿಡಮರ ಕಡಿಮೆ. ಹೀಗಾಗಿ ಅಷ್ಟೇನೂ ಎತ್ತರವಿಲ್ಲದ ಗೋಪುರದ ಮೇಲೆ ನಿಂತರೂ ಹರದಾರಿ ದೂರದಲ್ಲಿ ಕುದುರೆಗಳು ಎಬ್ಬಿಸಿದ ಧೂಳು ಕಾಣುತ್ತಿತ್ತು. ಧೂಳು ಕಂಡರೆ ಅಗಸಿಯ ಬಾಗಿಲು ಹಾಕುವುದು, ದನಕರು ಒಳಗೆ ಹೊಡೆಯುವುದು, ಹೆಂಗಸರು ಮಕ್ಕಳನ್ನು ವಾಡೆಗೆ ಸೇರಿಸುವುದು ಅಂದಿನ ರೂಢಿ. ಊರಿಗೆ ಊರೇ ಕೋಟೆಯಾಗಿ ಬದುಕಬೇಕಾಗಿದ್ದ ಕಾಲವದು.

ಆ ಭಯಕ್ಕೆ ಕಾರಣಗಳಿದ್ದವು. 18ನೇ ಶತಮಾನದಲ್ಲಿ ಮಲಪ್ರಭೆಯ ಎರಡೂ ದಂಡೆ ಪೇಶ್ವೆಗಳ, ಹೈದರ್ ಅಲಿಯ, ಟಿಪ್ಪುವಿನ ಸೈನ್ಯಗಳು ಓಡಾಡುವ ದಾರಿಯಾಗಿತ್ತು. ಟಿಪ್ಪು ಮಡಿದ ಮೇಲೆ ಬಂಡುಕೋರ ಧೋಂಡಿಯಾ ವಾಘ್ ಈ ಭಾಗಕ್ಕೆ ನುಗ್ಗಿದ. 1800ರ ಜುಲೈ 30ರಂದು ಸವದತ್ತಿ ತಾಲ್ಲೂಕಿನ ಮುನವಳ್ಳಿಯ ಬಳಿ ಅವನ ಪಾಳೆಯದ ಮೇಲೆ ಕಂಪನಿಯ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಪಡೆ ಬಿದ್ದಿತು. ಧೋಂಡಿಯಾ ಅಲ್ಲಿಂದ ತಪ್ಪಿಸಿಕೊಂಡರೂ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಸತ್ತ. ಬಳಿಕ ಪಿಂಡಾರಿಗಳ ಕಾಟ ಬಂತು. ಸೈನ್ಯ ಯಾರದೇ ಆಗಲಿ, ಹಾದುಹೋದ ಊರಿನ ಕಾಳು ಅದರ ಹೊಟ್ಟೆಗೇ ಹೋಗುತ್ತಿತ್ತು. ಆದ್ದರಿಂದ ಹುಡೇವಿನಷ್ಟೇ, ನನ್ನ ಎಣಿಕೆಯಲ್ಲಿ ಅದಕ್ಕಿಂತಲೂ ಹೆಚ್ಚಾಗಿ, ಊರನ್ನು ಉಳಿಸಿದ್ದು ಹಗೇವು.

ಗಟ್ಟಿಯಾದ ಗರಸು ನೆಲದಲ್ಲಿ ಕಿರಿಬಾಯಿ, ಹಿರಿಹೊಟ್ಟೆಯ ಹರವಿಯ ಆಕಾರಕ್ಕೆ ತೋಡಿದ ಕುಣಿಯೇ ಹಗೇವು. ಸುತ್ತ ಕಣಿಕೆ, ರವದಿ, ಹೊಟ್ಟು ಒತ್ತಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮೇಲೆ ಮಣ್ಣು ಮೆತ್ತುತ್ತಿದ್ದರು. ಮನೆಯ ಪಡಸಾಲೆ, ಅಂಗಳ, ಓಣಿಯ ನಡುವೆ ಎಲ್ಲೆಂದರಲ್ಲಿ ಹಗೇವುಗಳಿದ್ದವು. ಮಳೆ ಕೈಕೊಟ್ಟ ವರ್ಷಕ್ಕೆ ಒಳ್ಳೆಯ ಸುಗ್ಗಿಯ ಜೋಳ ಅಲ್ಲಿ ಕಾದಿರುತ್ತಿತ್ತು. ಖಾಲಿಯಾದಾಗ ಪಾತ್ರೆಪಗಡ, ಬೆಳ್ಳಿಬಂಗಾರ ಬಚ್ಚಿಡಲು ಅದು ಒದಗುತ್ತಿತ್ತು. ಗಳಿಗೆಯ ಮಟ್ಟಿಗೆ ಮನುಷ್ಯರೂ ಅಡಗುತ್ತಿದ್ದರು. ಅದು ಅಪಾಯದ ಆಸರೆ. ಮುಚ್ಚಿದ ಕುಣಿಯಲ್ಲಿ ಕಾಳು ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಭಾರದ ಆ ಗಾಳಿ ತಳದಲ್ಲೇ ನಿಲ್ಲುತ್ತದೆ. ಬಾಯಿ ತೆರೆದು ಕಾವು ಆರಲು ಬಿಟ್ಟು, ದೀಪ ಇಳಿಸಿ ನೋಡಿ, ಅದು ಆರದಿದ್ದರೆ ಮಾತ್ರ ಒಳಗೆ ಇಳಿಯುವುದು ರೈತರ ಪದ್ಧತಿ. ಅವಸರಪಟ್ಟು ಇಳಿದು ಜೀವ ಕಳೆದುಕೊಂಡವರ ಕಥೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ.

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಕಂಪನಿ ಸರಕಾರ ಬಂದಾಗ ಹುಡೇವಿನ ಕೆಲಸವೂ ಮುಗಿಯುತ್ತ ಬಂತು. ಆದರೆ ಭಯ ಅಳಿದಿರಲಿಲ್ಲ. 1857ರ ಆಯುಧ ಕಾಯಿದೆ ಜನರ ಕೈಯ ಹತಾರ ಕಸಿದುಕೊಳ್ಳಲು ಹೊರಟಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಎದ್ದುನಿಂತರು, ಊರು ಸುಟ್ಟುಹೋಯಿತು. ಮರುವರ್ಷ ಸರದಿ ಸುರೇಬಾನದ್ದು. 1858ರ ಮೇ 29ರ ರಾತ್ರಿ ಇಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್‌ನನ್ನು ನರಗುಂದದ ಅರಸ ಬಾಬಾಸಾಹೇಬ ಭಾವೆ ತನ್ನ ದಂಡಿನೊಂದಿಗೆ ಬಂದು ಕೊಂದ. ಮ್ಯಾನ್ಸನ್‌ನ ತಲೆ ನರಗುಂದಕ್ಕೆ ಹೋಯಿತು. ಕೆಲವೇ ದಿನಗಳಲ್ಲಿ ನರಗುಂದ ಬಿತ್ತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಕಾವಲು ಗೋಪುರಗಳ ಸೀಮೆಯಲ್ಲೇ ಅಷ್ಟು ದೊಡ್ಡ ಅಧಿಕಾರಿಗೆ ದಂಡು ಬರುವ ಸುಳಿವು ಸಿಗಲಿಲ್ಲ. ಊರು ಯಾರ ಪರವಾಗಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ ಎನ್ನಿಸುತ್ತದೆ.

ಆಮೇಲೆ ಹುಡೇವುಗಳು ಒಂದೊಂದಾಗಿ ಕರಗಿದವು. ಕಲ್ಲು ಮನೆ ಕಟ್ಟಲು ಹೋಯಿತು, ಹಳೆಯ ಮಣ್ಣು ಗೊಬ್ಬರವಾಗಿ ಹೊಲ ಸೇರಿತು. ಉಳಿದವುಗಳ ಬುಡದಲ್ಲಿ ಮೇವಿನ ಬಣವೆ ನಿಂತವು. ಪಾಳು ಕಟ್ಟಡಕ್ಕೆ ಹೊಸ ಕೆಲಸ ಹಚ್ಚುವುದರಲ್ಲಿ ಸರಕಾರವೂ ಹಿಂದೆ ಬೀಳಲಿಲ್ಲ. 1885ರಲ್ಲಿ ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ವಿಜಯಪುರಕ್ಕೆ ಒಯ್ದಾಗ ಆದಿಲಶಾಹಿಯ ಹಾಳು ಅರಮನೆಗಳು ಕಚೇರಿಗಳಾದವು. ಅದೇ ಊರಿನಲ್ಲಿ 1584ರಲ್ಲಿ ಕಟ್ಟಿದ ಉಪ್ಪಲಿ ಬುರುಜು ಇಂದು ಪ್ರವಾಸಿಗರು ಮೆಟ್ಟಿಲು ಹತ್ತಿ ಊರು ನೋಡುವ ಜಾಗ. ಹೊರದೇಶಗಳಲ್ಲೂ ಇಂಥವುಂಟು: 1940ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ಸುರಂಗ ರೈಲು ನಿಲ್ದಾಣವನ್ನು ಮುಚ್ಚಿ, ಬಾಂಬ್ ದಾಳಿಗೆ ಹೆದರಿದ ಜನರಿಗೆ ಮಲಗಲು ಬಿಟ್ಟುಕೊಟ್ಟಿದ್ದರು.

20ನೇ ಶತಮಾನದ ಉತ್ತರಾರ್ಧದಲ್ಲಿ ಆಪತ್ತಿನ ರೂಪ ಬದಲಾಯಿತು. ಕುದುರೆಯ ಧೂಳಿನ ಬದಲು ನೀರು ಬಂತು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದ ಮೇಲೆ ಕೆಳದಂಡೆಯ ಊರುಗಳ ಲೆಕ್ಕ ಬಾಗಿಲು ಎತ್ತುವುದರ ಮೇಲೆ ನಿಂತಿದೆ. 2009ರ ನೆರೆಯ ನಂತರ ಸರಕಾರ ‘ಆಸರೆ’ ಯೋಜನೆಯಲ್ಲಿ ಎತ್ತರದ ಜಾಗದಲ್ಲಿ ಮನೆಗಳನ್ನು ಕಟ್ಟಿಸಿತು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ ಎಂದು ಎಷ್ಟೋ ಕಡೆ ಜನ ಹೋಗಲಿಲ್ಲ. ಮನೆಗಳಿಗೆ ಮುಳ್ಳುಕಂಟಿ ಮುತ್ತಿತು. 2019ರ ಆಗಸ್ಟ್‌ನಲ್ಲಿ ರಾಮದುರ್ಗದೊಳಕ್ಕೇ ಹೊಳೆ ನುಗ್ಗಿತು. ಆ ನೆರೆಯಲ್ಲಿ ನದಿದಂಡೆಯ ಜನ ಗುಡಿ, ಶಾಲೆಗಳ ಜೊತೆಗೆ ಹಾಳುಬಿದ್ದ ಇಂಥ ಮನೆಗಳನ್ನೂ ಹೊಕ್ಕರು. ವಾಸಕ್ಕೆಂದು ಕಟ್ಟಿ ವಾಸವಿಲ್ಲದೆ ಪಾಳಾದ ಮನೆ ಆಪತ್ತಿನಲ್ಲಿ ನೆರವಿಗೆ ಬಂತು; ಯೋಜನೆ ಮಾಡಿದವರು ಬಯಸಿದ್ದ ಯಶಸ್ಸು ಇದಲ್ಲ.

ಹಗೇವಿನ ಗತಿ ಬೇರೆ. ಉಗ್ರಾಣ, ಗೋಣಿಚೀಲ, ರೇಷನ್ ಅಂಗಡಿ ಬಂದ ಮೇಲೆ ಅವನ್ನು ಮುಚ್ಚಿದರು, ಮುಚ್ಚಿದ್ದನ್ನೂ ಮರೆತರು. ಮೇಲೆ ಮನೆಗಳೆದ್ದವು. 2019ರ ಮಳೆಗಾಲದ ನಂತರ ನರಗುಂದ ಪಟ್ಟಣದಲ್ಲಿ ಓಣಿ, ಮನೆಗಳ ನೆಲ ಏಕಾಏಕಿ ಕುಸಿಯತೊಡಗಿತು. ಏರಿದ ಅಂತರ್ಜಲದ ಜೊತೆಗೆ ಹಳೆಯ ಹಗೇವುಗಳೂ ಕಾರಣವೆಂದು ಹೇಳಲಾಯಿತು. ಯಾವ ಮನೆಯ ಅಡಿಯಲ್ಲಿ ಹಗೇವು ಇದೆ ಎಂದು ತೋರಿಸಬಲ್ಲ ಹಿರಿಯರು ಊರುಗಳಲ್ಲಿ ಇನ್ನೂ ಇದ್ದಾರೆ. ಅವರಿರುವಾಗಲೇ ಪಂಚಾಯತಿಗಳು ಪ್ರತಿ ಓಣಿಯ ಹಗೇವುಗಳನ್ನು ಗುರುತಿಸಿ ದಾಖಲೆ ಮಾಡಿಡಬೇಕು.