ಗ್ರಾಮೀಣ ಶಾಲಾ ಮಕ್ಕಳ ಗಣಿತ ಕಲಿಕೆ: ಕಲಿಕೋಪಕರಣಗಳ ಬಳಕೆ ಮತ್ತು ಪೋಷಕರ ಪಾತ್ರ

ಪೀಠಿಕೆ

ಗ್ರಾಮೀಣ ಪ್ರದೇಶದ ಮಗುವಿಗೆ ಲೆಕ್ಕ ಹೊಸದಲ್ಲ. ಶಾಲೆಗೆ ಸೇರುವ ಮೊದಲೇ ಅದು ಕೊಟ್ಟಿಗೆಯ ದನಕರುಗಳನ್ನು ಎಣಿಸಿರುತ್ತದೆ, ಧಾನ್ಯವನ್ನು ಪಾವು ಸೇರುಗಳಲ್ಲಿ ಅಳೆಯುವುದನ್ನು ನೋಡಿರುತ್ತದೆ, ಅಂಗಡಿಯಿಂದ ಚಿಲ್ಲರೆ ತಂದಿರುತ್ತದೆ. ಆದರೂ ಅದೇ ಮಗು ನಾಲ್ಕನೆಯ ತರಗತಿಯಲ್ಲಿ ಎರಡಂಕಿಯ ವ್ಯವಕಲನಕ್ಕೆ ತಡವರಿಸುವುದುಂಟು. ಬದುಕಿನ ಲೆಕ್ಕಕ್ಕೂ ಪುಸ್ತಕದ ಲೆಕ್ಕಕ್ಕೂ ನಡುವೆ ಸಂಬಂಧ ಏರ್ಪಡದಿರುವುದು ಇದಕ್ಕೆ ಒಂದು ಮುಖ್ಯ ಕಾರಣವಾಗಿದೆ.

2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ, ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರ ಅಧ್ಯಯನವು ಈ ಅಂತರವನ್ನು ತೋರಿಸಿಕೊಟ್ಟಿದೆ. ಕೋಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರದ ಲೆಕ್ಕವನ್ನು ಬಾಯಲ್ಲೇ ಸರಿಯಾಗಿ ಮಾಡುತ್ತಿದ್ದ ಅನೇಕ ಮಕ್ಕಳು ಅದಕ್ಕಿಂತ ಸರಳವಾದ ಪಠ್ಯದ ಲೆಕ್ಕಗಳನ್ನು ಬಿಡಿಸಲಾರದೆ ಹೋದರು. ವ್ಯಾಪಾರದ ಅನುಭವವಿಲ್ಲದ ಶಾಲಾ ಮಕ್ಕಳು ಪಠ್ಯದ ಲೆಕ್ಕದಲ್ಲಿ ಮುಂದಿದ್ದು ಮಾರುಕಟ್ಟೆಯ ಲೆಕ್ಕದಲ್ಲಿ ಹಿಂದುಳಿದರು. ಇದು ನಗರದ ಮಕ್ಕಳ ಅಧ್ಯಯನವಾದರೂ ಗ್ರಾಮೀಣ ಶಾಲೆಗಳೂ ಗಮನಿಸಬೇಕಾದ ವಿಷಯವಾಗಿದೆ. ಈ ಎರಡನ್ನೂ ಜೋಡಿಸುವ ಸಾಧನಗಳಲ್ಲಿ ಮಗು ಕೈಯಾರೆ ಬಳಸುವ ಕಲಿಕೋಪಕರಣವು ಪ್ರಮುಖವಾದುದು.

ಕಲಿಕೆಯ ಮೂರು ಹಂತಗಳು

1960ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ ಅವರು ಮಕ್ಕಳ ಅರಿವು ಕ್ರಿಯೆ, ಚಿತ್ರ ಮತ್ತು ಸಂಕೇತ ಎಂಬ ಮೂರು ರೂಪಗಳಲ್ಲಿ ಬೆಳೆಯುತ್ತದೆ ಎಂದು ಪ್ರತಿಪಾದಿಸಿದರು. ಇದಕ್ಕನುಗುಣವಾಗಿ ಗಣಿತ ಬೋಧನೆಯನ್ನು ಕೆಳಕಂಡಂತೆ ಕ್ರಮಪಡಿಸಲಾಗುತ್ತದೆ.

1. ವಸ್ತುವಿನ ಹಂತ: ಮಗು ಕಡ್ಡಿ, ಮಣಿ, ಪಟ್ಟಿ ಮುಂತಾದವುಗಳನ್ನು ಕೈಯಲ್ಲಿ ಹಿಡಿದು ಜೋಡಿಸುವುದು, ಬೇರ್ಪಡಿಸುವುದು.
2. ಚಿತ್ರದ ಹಂತ: ತಾನು ಮಾಡಿದುದನ್ನು ಹಲಗೆಯ ಮೇಲೆ ಚಿತ್ರಿಸುವುದು.
3. ಸಂಕೇತದ ಹಂತ: ಅದನ್ನೇ ಅಂಕಿಗಳಲ್ಲಿ ಬರೆಯುವುದು.

ಉದಾಹರಣೆ 1: ಸ್ಥಾನಬೆಲೆ

52ರಿಂದ 27ನ್ನು ಕಳೆಯಬೇಕೆಂದಾಗ ಅನೇಕ ಮಕ್ಕಳು 35 ಎಂದು ಬರೆಯುತ್ತಾರೆ. 2ರಿಂದ 7 ಹೋಗದೆಂದು 7ರಿಂದ 2ನ್ನು ಕಳೆಯುವುದೇ ಈ ತಪ್ಪಿನ ಮೂಲ. ಇಂತಹ ಮಗುವಿಗೆ ಹತ್ತು ಹತ್ತು ಕಡ್ಡಿಗಳ 5 ಕಟ್ಟು ಹಾಗೂ 2 ಬಿಡಿ ಕಡ್ಡಿಗಳನ್ನು ನೀಡಿ 27 ಕಡ್ಡಿಗಳನ್ನು ಕೊಡಲು ಹೇಳಿದರೆ, ಬಿಡಿ ಕಡ್ಡಿ ಸಾಲದೆಂಬುದು ಅದಕ್ಕೆ ತಾನಾಗಿಯೇ ತಿಳಿಯುತ್ತದೆ. ಒಂದು ಕಟ್ಟನ್ನು ಬಿಚ್ಚಿದಾಗ 4 ಕಟ್ಟು, 12 ಬಿಡಿಗಳಾಗುತ್ತವೆ. 2 ಕಟ್ಟು, 7 ಬಿಡಿಗಳನ್ನು ಕೊಟ್ಟ ಮೇಲೆ ಉಳಿಯುವುದು 25. ‘ದಶಕ ತೆಗೆದುಕೊಳ್ಳುವುದು’ ಎಂಬ ನಿಯಮದ ಅರ್ಥ ಕಟ್ಟು ಬಿಚ್ಚುವ ಆ ಕ್ಷಣದಲ್ಲಿ ಮನದಟ್ಟಾಗುತ್ತದೆ.

ಉದಾಹರಣೆ 2: ಭಿನ್ನರಾಶಿ

ಅರ್ಧಕ್ಕೆ ಮೂರನೆಯ ಒಂದು ಭಾಗವನ್ನು ಕೂಡಿಸಿದಾಗ, ಅಂಶಕ್ಕೆ ಅಂಶ, ಛೇದಕ್ಕೆ ಛೇದ ಸೇರಿಸಿ 2/5 ಎಂದು ಬರೆಯುವುದು ಮತ್ತೊಂದು ಸಾಮಾನ್ಯ ತಪ್ಪು. ಭಿನ್ನರಾಶಿ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ 2/5 ಎಂಬುದು ಅರ್ಧಕ್ಕಿಂತಲೂ ಚಿಕ್ಕದೆಂಬುದು ಕಾಣುತ್ತದೆ. ಅರ್ಧಕ್ಕೆ ಇನ್ನಷ್ಟು ಸೇರಿದ ಮೇಲೆ ಅದು ಕಡಿಮೆಯಾಗಲಾರದೆಂದು ಮಗುವೇ ತೀರ್ಮಾನಿಸುತ್ತದೆ. ಈ ಪಾಠಕ್ಕೆ ಹಳ್ಳಿಯ ಅಳತೆಗಳೂ ನೆರವಾಗುತ್ತವೆ. ಒಂದು ಎಕರೆಗೆ 40 ಗುಂಟೆಯಾದುದರಿಂದ 10 ಗುಂಟೆಯು ಕಾಲು ಎಕರೆ. ಮೂರು ಕಾಲು ಸೇರಿದರೆ ‘ಮುಕ್ಕಾಲು’ ಎಂಬುದು ಆ ಪದದಲ್ಲಿಯೇ ಅಡಗಿದೆ.

ಸರ್ಕಾರದ ಕ್ರಮಗಳು

ಚಟುವಟಿಕೆ ಆಧಾರಿತ ‘ನಲಿ-ಕಲಿ’ ಪದ್ಧತಿಯು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭಗೊಂಡು, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ 1 ಮತ್ತು 2ನೆಯ ತರಗತಿಗಳಿಗೆ ವಿಸ್ತರಣೆಯಾಯಿತು. 4 ಮತ್ತು 5ನೆಯ ತರಗತಿಗಳಿಗಾಗಿ ಅಕ್ಷರ ಫೌಂಡೇಶನ್ ಸಹಯೋಗದಲ್ಲಿ ‘ಗಣಿತ ಕಲಿಕಾ ಆಂದೋಲನ’ವನ್ನು ರೂಪಿಸಿ, ಮಣಿಕಟ್ಟು, ಭಿನ್ನರಾಶಿ ಪಟ್ಟಿ, ಗಡಿಯಾರ, ಆಟದ ನಾಣ್ಯ-ನೋಟು, ತಕ್ಕಡಿ, ಘನಾಕೃತಿ ಮುಂತಾದವುಗಳಿರುವ ಕಿಟ್‌ಗಳನ್ನು ಶಾಲೆಗಳಿಗೆ ಒದಗಿಸಲಾಯಿತು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗಣಿತ ಸ್ಪರ್ಧೆಗಳೂ ನಡೆದವು. ಕೇಂದ್ರ ಸರ್ಕಾರವು 2021ರ ಜುಲೈ 5ರಂದು ಚಾಲನೆ ನೀಡಿದ ‘ನಿಪುಣ್ ಭಾರತ್’ ಅಭಿಯಾನವು, 3ನೆಯ ತರಗತಿ ಮುಗಿಸುವ ಪ್ರತಿ ಮಗುವೂ 2026-27ರ ವೇಳೆಗೆ ಓದು, ಬರಹ ಹಾಗೂ ಮೂಲ ಲೆಕ್ಕದಲ್ಲಿ ಸಾಮರ್ಥ್ಯ ಪಡೆಯಬೇಕೆಂಬ ಗುರಿಯನ್ನು ಹೊಂದಿದೆ.

ಗಮನಿಸಬೇಕಾದ ಅಂಶಗಳು

ಕಿಟ್ ಶಾಲೆಗೆ ಬಂದ ಮಾತ್ರಕ್ಕೆ ಕಲಿಕೆಯಾಗುವುದಿಲ್ಲ. ಕಳೆದುಹೋದೀತೆಂಬ ಭಯದಿಂದ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಉದ್ದೇಶವೇ ವಿಫಲವಾಗುತ್ತದೆ. ಶಿಕ್ಷಕರು ಮಾತ್ರ ಎತ್ತಿ ತೋರಿಸುವುದೂ ಸಾಲದು; ಪ್ರತಿ ಮಗುವಿನ ಕೈಗೂ ಅದು ಸಿಗತಕ್ಕದ್ದು. ಹಾಗೆಯೇ ಮಗು ಉಪಕರಣದಲ್ಲಿಯೇ ನಿಂತುಬಿಡದೆ ಕ್ರಮೇಣ ಅಂಕಿಗಳ ಬರವಣಿಗೆಗೆ ಬರಬೇಕು. ಸ್ಥಾನಬೆಲೆ ತಿಳಿಯದೆ ಮುಂದಿನ ತರಗತಿಗೆ ಹೋದ ಮಗುವಿಗೆ ಗುಣಾಕಾರ, ಭಾಗಾಕಾರ, ದಶಮಾಂಶಗಳೆಲ್ಲವೂ ಹೊರೆಯಾಗುತ್ತಾ ಹೋಗಿ, ಗಣಿತವನ್ನೇ ಕೈಬಿಡುವ ಸಂಭವವಿರುತ್ತದೆ.

ಪೋಷಕರ ಹಕ್ಕು ಮತ್ತು ಪಾತ್ರ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಅಧಿನಿಯಮ, 2009 ದಿನಾಂಕ 1-4-2010ರಿಂದ ಜಾರಿಯಲ್ಲಿದೆ. ಇದರ ಪ್ರಕಾರ:

• ಕಲಿಕೆಯು ಚಟುವಟಿಕೆ, ಅನ್ವೇಷಣೆ ಹಾಗೂ ಶೋಧನೆಯ ಮೂಲಕ ಶಿಶುಸ್ನೇಹಿಯಾಗಿರಬೇಕು (ಪ್ರಕರಣ 29).
• ಶಿಕ್ಷಕರು ಪೋಷಕರ ಸಭೆಗಳನ್ನು ನಿಯತವಾಗಿ ನಡೆಸಿ ಮಗುವಿನ ಹಾಜರಾತಿ ಮತ್ತು ಕಲಿಕಾ ಪ್ರಗತಿಯನ್ನು ತಿಳಿಸಬೇಕು (ಪ್ರಕರಣ 24).
• ಶಾಲಾ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಭಾಗ ಪೋಷಕರಿರಬೇಕು (ಪ್ರಕರಣ 21). ಕರ್ನಾಟಕದಲ್ಲಿ ಇದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್.ಡಿ.ಎಂ.ಸಿ.) ಎಂಬ ಹೆಸರಿನಲ್ಲಿದೆ.

ಆದ್ದರಿಂದ ಪೋಷಕರು ಸಭೆಗಳಲ್ಲಿ ಕೆಳಕಂಡ ವಿಷಯಗಳನ್ನು ವಿಚಾರಿಸಬಹುದು:

1. ಶಾಲೆಯಲ್ಲಿ ಗಣಿತ ಕಿಟ್ ಇದೆಯೇ? ವಾರಕ್ಕೆ ಎಷ್ಟು ಅವಧಿಗಳಲ್ಲಿ ಬಳಕೆಯಾಗುತ್ತಿದೆ?
2. ಪ್ರತಿ ಮಗುವೂ ಅದನ್ನು ಕೈಯಲ್ಲಿ ಹಿಡಿದು ಬಳಸುತ್ತಿದೆಯೇ?
3. ತಮ್ಮ ಮಗು ಯಾವ ಹಂತದಲ್ಲಿ ತಡೆದು ನಿಂತಿದೆ?

ಮನೆಯಲ್ಲಿ ಹುಣಸೆ ಬೀಜ, ಜೋಳದ ಕಾಳು, ಚಿಲ್ಲರೆ ನಾಣ್ಯಗಳೇ ಸಾಕು. ಅಳಗುಳಿ ಮಣೆ, ಚೌಕಾಬಾರದಂತಹ ಆಟಗಳೂ ಎಣಿಕೆಗೆ ಸಹಕಾರಿ. ಅಕ್ಷರ ಬಾರದ ತಾಯಿ ತಂದೆಯರೂ ಸಂತೆಯ ಲೆಕ್ಕವನ್ನು ಮಗುವಿನಿಂದ ಮಾಡಿಸಿ, ‘ಹೇಗೆ ಮಾಡಿದೆ?’ ಎಂದು ಕೇಳಬಹುದು; ಅದಕ್ಕೆ ಓದು ಬರಹದ ಅಗತ್ಯವಿಲ್ಲ.