ಮೊಂತೋನೆಯ ಸೂರ್ಯ ಗಡಿಯಾರ: ಇಟಲಿಯ ಹಳ್ಳಿಯಲ್ಲಿ ಮರಾಠಾ ದಳದ ಯೋಧನ ನೆನಪು

ಇಟಲಿಯ ಉಂಬ್ರಿಯಾ ಪ್ರಾಂತದಲ್ಲಿ, ಪೆರೂಜಾ ನಗರದ ಉತ್ತರಕ್ಕೆ, ಟೈಬರ್ ನದಿಯ ಮೇಲ್ಕಣಿವೆಯ ಪಕ್ಕದ ಗುಡ್ಡವೊಂದರ ಮೇಲೆ ಮೊಂತೋನೆ ಎಂಬ ಊರಿದೆ. ಹಳೆಯ ಕೋಟೆಗೋಡೆ, ಕಿರಿದಾದ ಓಣಿಗಳು, ಪ್ರಾಚೀನ ಚರ್ಚುಗಳು. ಜನಸಂಖ್ಯೆ ಎರಡು ಸಾವಿರವನ್ನೂ ಮುಟ್ಟದು. ದಂಡನಾಯಕ ಬ್ರಾಚೋ ದ ಮೊಂತೋನೆಯಿಂದಾಗಿ (1368-1424) ಇತಿಹಾಸಾಸಕ್ತರಿಗೆ ಪರಿಚಿತವಾದ ಈ ಊರಿನಲ್ಲಿ ಈಗ ಭಾರತೀಯ ಯೋಧನೊಬ್ಬನ ಹೆಸರೂ ನೆಲೆಗೊಂಡಿದೆ. ಆ ಯೋಧ, ಮರಾಠಾ ಲಘು ಪದಾತಿ ದಳದ ನಾಯಕ್ ಯಶವಂತ ಘಾಡ್ಗೆ.

2023ರ ಜುಲೈನಲ್ಲಿ ಮೊಂತೋನೆಯ ಸ್ಥಳೀಯ ಆಡಳಿತ ಹಾಗೂ ಇಟಲಿಯ ಸೇನಾ ಇತಿಹಾಸಕಾರರು ಸೇರಿ 'ವಿ.ಸಿ. ಯಶವಂತ ಘಾಡ್ಗೆ ಸೂರ್ಯ ಗಡಿಯಾರ ಸ್ಮಾರಕ'ವನ್ನು ಅನಾವರಣಗೊಳಿಸಿದರು. ಭಾರತದ ರಾಯಭಾರಿ ನೀನಾ ಮಲ್ಹೋತ್ರಾ ಉಪಸ್ಥಿತರಿದ್ದರು. ಸ್ಮಾರಕವೆಂದರೆ ಕತ್ತಿ ಹಿಡಿದ ಪ್ರತಿಮೆಯಲ್ಲ, ವಿಜಯಸ್ತಂಭವೂ ಅಲ್ಲ. ನೆರಳಿನಿಂದ ಹೊತ್ತು ತೋರಿಸುವ ಗಡಿಯಾರ. 'ನಾವೆಲ್ಲರೂ ಒಂದೇ ಸೂರ್ಯನ ಅಡಿಯಲ್ಲಿದ್ದೇವೆ' ಎಂಬ ಅರ್ಥದ ಲ್ಯಾಟಿನ್ ವಾಕ್ಯ ಅದರ ಧ್ಯೇಯವಾಕ್ಯ. ಭಾರತೀಯ ಸೇನೆಯ ಫಲಕವನ್ನೂ ಅಲ್ಲಿ ಇರಿಸಲಾಗಿದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಭೇಟಿ ನೀಡಿ ಗೌರವ ಸಲ್ಲಿಸಿದರು.

ಇಟಲಿ ತನ್ನ ವಿಮೋಚನಾ ದಿನವನ್ನು ಏಪ್ರಿಲ್ 25ರಂದು ಆಚರಿಸುತ್ತದೆ. ಆದರೆ ಬಿಡುಗಡೆಯು ದೇಶಕ್ಕೆಲ್ಲ ಒಂದೇ ದಿನ ಬಂದದ್ದಲ್ಲ. 1943ರ ಸೆಪ್ಟೆಂಬರ್‌ನಲ್ಲಿ ಇಟಲಿ ಮಿತ್ರರಾಷ್ಟ್ರಗಳಿಗೆ ಶರಣಾದ ಬೆನ್ನಿಗೇ ಜರ್ಮನ್ ಪಡೆಗಳು ದೇಶವನ್ನು ವಶಪಡಿಸಿಕೊಂಡವು. ದಕ್ಷಿಣದಿಂದ ಉತ್ತರಕ್ಕೆ, ಕಣಿವೆಯಿಂದ ಕಣಿವೆಗೆ, ಊರಿಂದೂರಿಗೆ ಅವುಗಳನ್ನು ಹಿಂದಟ್ಟಬೇಕಾಯಿತು. 1944ರ ಜೂನ್ 4ರಂದು ರೋಮ್, ಜೂನ್ 20ರಂದು ಪೆರೂಜಾ ಮುಕ್ತವಾದವು. ಮೊಂತೋನೆಯ ಸರದಿ ಬಂದದ್ದು ಜುಲೈನಲ್ಲಿ. ಉತ್ತರದ ಗಾಥಿಕ್ ರಕ್ಷಣಾ ರೇಖೆಯನ್ನು ಭದ್ರಪಡಿಸಿಕೊಳ್ಳಲು ಕಾಲಾವಕಾಶ ಬೇಕಿದ್ದ ಜರ್ಮನರು ಗುಡ್ಡಗುಡ್ಡಕ್ಕೂ ಮೆಷಿನ್‌ಗನ್ ಹೂಡಿ ಕುಳಿತಿದ್ದರು. ಈ ಕಣಿವೆಯನ್ನು ಏರಿ ಬಂದದ್ದು 10ನೇ ಭಾರತೀಯ ಡಿವಿಜನ್.

ಜುಲೈ 10ರಂದು 5ನೇ ಮರಾಠಾ ಲಘು ಪದಾತಿ ದಳದ ಮೂರನೇ ಬೆಟಾಲಿಯನ್ನಿನ ತುಕಡಿಯೊಂದು ಶತ್ರುನೆಲೆಯತ್ತ ನುಗ್ಗಿತು. ಅತಿ ಸಮೀಪದಿಂದ ಹಾರಿದ ಗುಂಡುಗಳಿಗೆ ಘಾಡ್ಗೆ ಅವರ ಸೆಕ್ಷನ್ನಿನ ಸೈನಿಕರೆಲ್ಲ ಸತ್ತರು ಇಲ್ಲವೇ ಗಾಯಗೊಂಡರು. ಉಳಿದವರು ಅವರೊಬ್ಬರೇ. ಗ್ರೆನೇಡ್ ಎಸೆದು ಮೆಷಿನ್‌ಗನ್ನನ್ನೂ ಅದನ್ನು ಹಾರಿಸುತ್ತಿದ್ದವನನ್ನೂ ಇಲ್ಲವಾಗಿಸಿದರು; ಟಾಮಿ ಗನ್ನಿನಿಂದ ಮತ್ತೊಬ್ಬನನ್ನು ಹೊಡೆದರು. ಮ್ಯಾಗಜಿನ್ ಬದಲಿಸಲು ವೇಳೆಯಿರಲಿಲ್ಲ. ಬಂದೂಕನ್ನು ನಳಿಗೆಯ ಕಡೆಯಿಂದ ಹಿಡಿದು, ಉಳಿದಿಬ್ಬರನ್ನು ಅದರಿಂದಲೇ ಬಡಿದು ಕೊಂದರು. ಮರೆಯಿಂದ ಹಾರಿದ ಗುಂಡುಗಳು ಎದೆಗೂ ಬೆನ್ನಿಗೂ ತಗುಲಿ, ತಾವು ಗೆದ್ದ ನೆಲೆಯಲ್ಲೇ ಪ್ರಾಣಬಿಟ್ಟರು. ವಯಸ್ಸು 22. ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಪದಕ ಸಂದಿತು.

ಮೊಂತೋನೆಯನ್ನು ಬಿಡಿಸಿದವರು ಅವರೊಬ್ಬರೇ ಅಲ್ಲವೆಂಬುದನ್ನು ಹೇಳಲೇಬೇಕು. ಆ ಡಿವಿಜನ್ನಿನಲ್ಲಿ ಪಂಜಾಬಿಗಳು, ಗಢವಾಲಿಗಳು, ಬಲೂಚ್ ರೆಜಿಮೆಂಟಿನವರು, ಗೂರ್ಖಾಗಳು, ಬ್ರಿಟಿಷರು ಎಲ್ಲರೂ ಇದ್ದರು. 4, 8 ಮತ್ತು 10ನೇ ಡಿವಿಜನ್‌ಗಳು ಸೇರಿ ಇಟಲಿಯಲ್ಲಿ ಹೋರಾಡಿದ ಭಾರತೀಯರು 50,000ಕ್ಕೂ ಹೆಚ್ಚು, ಮಡಿದವರು 5,782. ಅಲ್ಲಿ ಸಂದ 20 ವಿಕ್ಟೋರಿಯಾ ಕ್ರಾಸ್‌ಗಳಲ್ಲಿ ಆರು ಭಾರತೀಯ ಸೈನಿಕರ ಪಾಲಿಗೆ ಬಂದವು. ಒಂದು ಹೆಸರು ಅಷ್ಟೂ ಮಂದಿಯ ಪರವಾಗಿ ಅಲ್ಲಿ ನಿಂತಿದೆ ಎಂದು ತಿಳಿಯುವುದೇ ಸರಿ.

ಪರರ ಊರಿಗೆ ಬಿಡುಗಡೆ ತಂದ ಈ ಸೈನಿಕರ ಸ್ವಂತ ನಾಡು ಆಗ ಬಿಡುಗಡೆ ಕಂಡಿರಲಿಲ್ಲ. 'ಭಾರತ ಬಿಟ್ಟು ತೊಲಗಿ' ಚಳವಳಿಯ ನಾಯಕರನೇಕರು ಇನ್ನೂ ಸೆರೆಯಲ್ಲಿದ್ದರು. ಅದೇ 1944ರಲ್ಲಿ ಆಜಾದ್ ಹಿಂದ್ ಫೌಜಿನ ಯೋಧರು ಇಂಫಾಲದ ದಿಕ್ಕಿನಲ್ಲಿ ಬ್ರಿಟಿಷ್ ಸೇನೆಯ ವಿರುದ್ಧವೇ ಕಾದಾಡಿದ್ದರು. ಸ್ವತಂತ್ರ ಭಾರತವು ಇಟಲಿಯ ಈ ಅಧ್ಯಾಯವನ್ನು ದೀರ್ಘಕಾಲ ಬದಿಗಿರಿಸಿದ್ದಕ್ಕೆ ಈ ಇಕ್ಕಟ್ಟೂ ಒಂದು ಕಾರಣವಿದ್ದೀತು. ಬ್ರಿಟಿಷ್ ಚಕ್ರವರ್ತಿಯ ಹೆಸರಿನಲ್ಲಿ ನಡೆದ ಯುದ್ಧವೆಂಬ ಸಂಕೋಚ ಮೊಂತೋನೆಯ ಜನರಿಗೆ ಇರಬೇಕಾದ್ದಿಲ್ಲ. ಅವರಿಗೆ ನೆನಪಿರುವುದು ತಮ್ಮ ಗುಡ್ಡಗಳಿಂದ ಜರ್ಮನರು ಹಿಂದೆ ಸರಿದ ಬೇಸಿಗೆ.

ಘಾಡ್ಗೆ ಇಂದಿನ ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಾಣಗಾಂವ್ ಪರಿಸರದವರು. ಅವರ ದಳದ ತರಬೇತಿ ಕೇಂದ್ರ ಮಾತ್ರ ಕರ್ನಾಟಕದ್ದೇ: ಮರಾಠಾ ಲಘು ಪದಾತಿ ದಳದ ಕೇಂದ್ರ 1922ರಿಂದಲೂ ಬೆಳಗಾವಿಯಲ್ಲಿದೆ. ಅವರಿದ್ದ ಮೂರನೇ ಬೆಟಾಲಿಯನ್ 1952ರಲ್ಲಿ ಪ್ಯಾರಾಚೂಟ್ ರೆಜಿಮೆಂಟಿಗೆ ಸೇರಿತು. ದಳದ ಮತ್ತೊಬ್ಬ ಯೋಧ ನಾಮದೇವ ಜಾಧವ್ 1945ರ ಏಪ್ರಿಲ್‌ನಲ್ಲಿ ಇಟಲಿಯ ಸೆನಿಯೋ ನದಿಯ ದಡದಲ್ಲಿ ಇದೇ ಪದಕಕ್ಕೆ ಪಾತ್ರರಾದರು. ಅವರು ಬದುಕಿ ಮರಳಿದರು.

ಘಾಡ್ಗೆ ಅವರಿಗೆ ಇಟಲಿಯಲ್ಲಿ ಸಮಾಧಿಯಿಲ್ಲ. ಕಸೀನೋ ಸ್ಮಾರಕದಲ್ಲಿ ಸಾವಿರಾರು ಹೆಸರುಗಳ ನಡುವೆ ಅವರ ಹೆಸರಿದೆ. ಹುಟ್ಟೂರಿನ ಕಡೆ, ಮಾಣಗಾಂವ್ ತಹಶೀಲ್ದಾರ್ ಕಚೇರಿಯ ಎದುರು, ಅವರದೊಂದು ಪ್ರತಿಮೆ ಇದೆ.